ನಿಮಗಿದು ಗೊತ್ತೇ? ವೈ-ಫೈ ಬೀಗದ ಒಳಗುಟ್ಟು

ಮೊಬೈಲ್ ನಂಬರನ್ನೇ ವೈ-ಫೈ ಪಾಸ್‌ವರ್ಡ್ ಮಾಡಿಕೊಂಡವರು ನಮ್ಮಲ್ಲಿ ಕಮ್ಮಿಯೇನಲ್ಲ. ಹತ್ತಂಕಿ ಇದೆಯಲ್ಲ, ಸಾಲದೇ? ಲೆಕ್ಕ ಹಾಕಿ ನೋಡಿ. ಭಾರತದ ಮೊಬೈಲ್ ನಂಬರು ಶುರುವಾಗುವುದು 6, 7, 8 ಅಥವಾ 9ರಿಂದ ಮಾತ್ರ. ಅಲ್ಲಿಗೆ ಹೆಚ್ಚೆಂದರೆ 400 ಕೋಟಿ ನಂಬರು. ಡಬ್ಲ್ಯುಪಿಎ2 ಎಂಬ ಭದ್ರತಾ ವ್ಯವಸ್ಥೆಯ ರೂಟರಿಗೆ ಫೋನು ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ಬೀದಿಯಲ್ಲಿ ನಿಂತು ಅವನ್ನು ಹಿಡಿದಿಟ್ಟುಕೊಂಡವನು ಉಳಿದ ಕೆಲಸವನ್ನು ಮನೆಗೆ ಹೋಗಿ ಮುಗಿಸಬಹುದು. ಗೇಮ್ ಆಡುವವರ ದುಬಾರಿ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 10 ಲಕ್ಷ ಪಾಸ್‌ವರ್ಡ್ ಪರೀಕ್ಷಿಸಬಲ್ಲದು. ಆ ವೇಗದಲ್ಲಿ 400 ಕೋಟಿಯೂ 67 ನಿಮಿಷದಲ್ಲಿ ಖಲಾಸ್!

2018ರಲ್ಲಿ ಬಂದ ಡಬ್ಲ್ಯುಪಿಎ3ಯಲ್ಲಿ ಹೀಗೆ ಮನೆಗೊಯ್ದು ಊಹಿಸುವ ದಾರಿ ಮುಚ್ಚಿದೆ. ಹಳೆಯ ಫೋನು ಅದಕ್ಕೆ ಸೇರದಿದ್ದರೆ ಡಬ್ಲ್ಯುಪಿಎ2ರಲ್ಲೇ ಇರಿ, ಪಾಸ್‌ವರ್ಡ್ ಉದ್ದ ಮಾಡಿ. 63 ಅಕ್ಷರದವರೆಗೂ ಅವಕಾಶವಿದೆ.

ಪಾಸ್‌ವರ್ಡ್ ಟೈಪಿಸದೆಯೇ ಸಾಧನ ಸೇರಿಸಲು ರೂಟರಿನಲ್ಲಿರುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ನಿಗೆ ಎಂಟಂಕಿ. ಅದರಲ್ಲಿ ಕೊನೆಯದು ತಾಳೆ ನೋಡಲು ಮಾತ್ರ. ಮಿಕ್ಕ ಏಳರಲ್ಲಿ ಮೊದಲ ನಾಲ್ಕು ಸರಿಯೋ ತಪ್ಪೋ ಎಂದು ರೂಟರು ಮೊದಲೇ ಬಾಯಿಬಿಡುತ್ತದೆ. ಹಾಗಾಗಿ 10,000 ಮತ್ತು 1,000, ಒಟ್ಟು ಹನ್ನೊಂದು ಸಾವಿರ ಪ್ರಯತ್ನ ಸಾಕು. 2011ರ ಕೊನೆಯಲ್ಲಿ ಈ ಹುಳುಕು ಬಯಲಾಯಿತು. ಪಿನ್ ಸಿಕ್ಕಿತೆಂದರೆ ನಿಮ್ಮ ಉದ್ದುದ್ದ ಪಾಸ್‌ವರ್ಡನ್ನು ರೂಟರೇ ಒಪ್ಪಿಸಿಬಿಡುತ್ತದೆ. ಡಬ್ಲ್ಯುಪಿಎಸ್ ಆಫ್ ಮಾಡುವುದೇ ವಾಸಿ.

ನೆಟ್‌ವರ್ಕಿನ ಹೆಸರು ಮರೆಮಾಡಿದರೆ ಕ್ಷೇಮವೇ? ಉಲ್ಟಾ. ರೂಟರು ಸುಮ್ಮನಾದ ಮೇಲೆ ಕೂಗುವ ಕೆಲಸ ಫೋನಿನ ಪಾಲಿಗೆ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲೂ ಅದು ನಿಮ್ಮ ಮನೆ ವೈ-ಫೈ ಹೆಸರು ಹಿಡಿದು ‘ಇದ್ದೀಯಾ?’ ಎಂದು ಕೇಳುತ್ತಿರಬಹುದು.

ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಒಳಬಿಡುವ ಮ್ಯಾಕ್ ಫಿಲ್ಟರ್ ಕೂಡ ಅಷ್ಟಕ್ಕಷ್ಟೇ. ಸಾಧನದ ಗುರುತಾದ ಮ್ಯಾಕ್ ವಿಳಾಸ ಗೂಢಲಿಪಿಯಿಲ್ಲದೆ ಗಾಳಿಯಲ್ಲಿ ಹೋಗುತ್ತದೆ. ನಕಲು ಮಾಡುವುದು ಸುಲಭ.

1997ರ ಡಬ್ಲ್ಯುಇಪಿ ಭದ್ರತೆಯನ್ನು 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮೂವರು ಸಂಶೋಧಕರು ಒಂದು ನಿಮಿಷದೊಳಗೆ ಮುರಿದು ತೋರಿಸಿದರು. ಹಳೆಯ ರೂಟರುಗಳ ಭದ್ರತಾ ಆಯ್ಕೆಗಳ ಪಟ್ಟಿಯಲ್ಲಿ ಅದಿನ್ನೂ ಕೂತಿರುತ್ತದೆ. ಆರಿಸಬೇಡಿ.

ನಿಮ್ಮ ವೈ-ಫೈಗೆ ಬೇರೆಯವರು ನುಸುಳಿದರೆ ಏನಾದೀತು? 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಮನೆಗೆ. ಮನೆಯವರಿಗೂ ಸಂಚಿಗೂ ಸಂಬಂಧವಿರಲಿಲ್ಲ. ಅವರ ವೈ-ಫೈ ಬಳಸಿ ಬೇರೆಯವರು ಕಳಿಸಿದ್ದರು.

ವೈ-ಫೈ ಪಾಸ್‌ವರ್ಡ್ ಬೇರೆ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪಿಸಿದರೆ ಬಹುತೇಕ ಮನೆಗಳಲ್ಲಿ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’ ಎಂದಿರುವ ರೂಟರುಗಳು ಈಗಲೂ ಸಿಗುತ್ತವೆ. 2016ರ ಮಿರಾಯ್ ಎಂಬ ಮಾಲ್‌ವೇರ್, ತಯಾರಕ ಕಂಪನಿಗಳೇ ಹಾಕಿಕೊಟ್ಟ ಇಂಥ ಅರವತ್ತು ಚಿಲ್ಲರೆ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ರೂಟರಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದು ಕಾನೂನುಬಾಹಿರ.