3,550 ಬಿಟ್ಟು 3,500 ಯಾಕೆ ಕೇಳಿದರು?

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ರಸ್ತೆ ಮೇಲೆ ಕೂತಿದ್ದು ಎಲ್ಲರೂ ನ್ಯೂಸಲ್ಲಿ ನೋಡಿದ್ದೀರಿ. ತುಕ್ಕಾನಟ್ಟಿ ಇರೋದೂ ಅದೇ ಭಾಗದಲ್ಲಿ. ಅಲ್ಲಿ ಸಣ್ಣ ರೈತ ಅಂದ್ರೆ ಭತ್ತದ ರೈತ ಅಲ್ಲ, ಎಕರೆ ಎರಡೆಕರೆ ಕಬ್ಬು ಹಚ್ಚಿದವನು. ಅವರ ಬೇಡಿಕೆ ಟನ್‌ಗೆ 3,500 ರೂಪಾಯಿ. ಆಗ ಕ್ಲಾಸಲ್ಲಿ ಒಬ್ಬ ಕೇಳಿದ: "ಕೇಂದ್ರ ಸರ್ಕಾರ 3,550 ಅಂತ ಫಿಕ್ಸ್ ಮಾಡಿದೆಯಲ್ಲ, ಇವರು ಕಮ್ಮಿ ಯಾಕೆ ಕೇಳ್ತಿದ್ದಾರೆ?"

ಒಳ್ಳೆ ಪ್ರಶ್ನೆ. 3,550 ಅನ್ನೋದು 2025-26ರ ಎಫ್‌ಆರ್‌ಪಿ. ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದರೆ ಈ ರೇಟು. ರಿಕವರಿ ಅದಕ್ಕಿಂತ 0.1% ಏರಿದರೆ ಟನ್‌ಗೆ 34.60 ರೂಪಾಯಿ ಜಾಸ್ತಿ. ಅಂದರೆ 11.25% ಇದ್ದರೆ 3,896. ಆದರೆ ಇದು ಫ್ಯಾಕ್ಟರಿ ಗೇಟಿನ ದರ. ಕಬ್ಬು ಕಡಿಯುವ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಇದರಲ್ಲೇ ಮುರಿತಾರೆ. ಅದು ಟನ್‌ಗೆ 850 ಅಂತ ಹಿಡಿದರೆ ಕೈಗೆ ಬರೋದು 3,046. ಗುರ್ಲಾಪುರದಲ್ಲಿ ಕೇಳಿದ್ದು ಆ ಖರ್ಚು ಬಿಟ್ಟು 3,500.

ಇನ್ನೊಂದು ವಿಷಯ ನನಗೆ ವಿಚಿತ್ರ ಅನಿಸ್ತು. ಈ ರಿಕವರಿ ನಿಮ್ಮ ಹೊಲದ್ದಲ್ಲ, ಇಡೀ ಫ್ಯಾಕ್ಟರಿಯ ಹಿಂದಿನ ಹಂಗಾಮಿನ ಸರಾಸರಿ. ನಿಮ್ಮ ಕಬ್ಬು ಎಷ್ಟೇ ಸಿಹಿ ಇದ್ದರೂ ಮಾರ್ಕ್ಸ್ ಮಾತ್ರ ಇಡೀ ಕ್ಲಾಸಿನ ಆವರೇಜ್, ಅದೂ ಹೋದ ವರ್ಷದ್ದು!

ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 3,300 ಅಂತ ಘೋಷಿಸಿದರು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಕೇಳಿದ್ದಕ್ಕಿಂತ 200 ಕಮ್ಮಿ. ಎಕರೆಗೆ 40 ಟನ್ ಬೆಳೆದವನಿಗೆ ಆ ವ್ಯತ್ಯಾಸ 8,000 ರೂಪಾಯಿ.

ಟಿವಿಯವರು ಇಲ್ಲಿಗೇ ನಿಲ್ಲಿಸಿದರು. ಆದರೆ ಸಣ್ಣ ರೈತನಿಗೆ ಅಸಲಿ ತಲೆನೋವು ಕಡಿಯುವ ಪಾಳಿ. ಗ್ಯಾಂಗ್ ಯಾವತ್ತು ಬರ್ತದೆ ಅನ್ನೋದು ಅವನ ಕೈಯಲ್ಲಿಲ್ಲ. ದೊಡ್ಡ ಹೊಲ ಇದ್ದರೆ ಒಂದೇ ಕಡೆ ಹತ್ತಾರು ಲೋಡು ಸಿಗ್ತದೆ, ಹಂಗಾಗಿ ಗ್ಯಾಂಗಿಗೂ ಅಲ್ಲಿಗೇ ಹೋಗೋದು ಸಲೀಸು. ಒಂದೆಕರೆಯವನು ಕಾಯಬೇಕು. ಕೆಲವು ಸಲ ಮೇಲೆ ಬೇರೆ ದುಡ್ಡು ಕೊಡಬೇಕು. ಕಾದಷ್ಟೂ ಕಬ್ಬು ಸೂಲಂಗಿ ಬಿಟ್ಟು ಒಳಗೆ ಬೆಂಡಾಗಿ ತೂಕ ಇಳೀತದೆ. ಕಡಿದ ಮೇಲೆ ಯಾರ್ಡಿನಲ್ಲಿ ಲೈನ್ ಹಚ್ಚಿ ನಿಂತರೂ ನೀರು ಆರ್ತದೆ. ದುಡ್ಡು ಕೊಡೋದು ತೂಕಕ್ಕೆ, ಆದ್ದರಿಂದ ಒಣಗಿದ ಲುಕ್ಸಾನು ಪೂರ್ತಿ ರೈತನದ್ದೇ.

ಲೆಕ್ಕ ಹಾಕಿ ನೋಡಿ. 40 ಟನ್ನಿನಲ್ಲಿ ಎರಡೂವರೆ ಟನ್ ಹೀಗೆ ಕಮ್ಮಿಯಾದರೆ 3,300ರಂತೆ 8,250 ರೂಪಾಯಿ. ರಸ್ತೆ ಮೇಲೆ ರಾತ್ರಿಯೆಲ್ಲ ಕೂತರೂ ಸಿಗದೇ ಹೋದ ಆ 200 ರೂಪಾಯಿಯ ಲೆಕ್ಕಕ್ಕಿಂತ ಇದು ಜಾಸ್ತಿ.

ಕಬ್ಬು ಸಾಗಿಸಿದ 14 ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆದರೆ ಆ 14 ದಿನದ ಎಣಿಕೆ ಶುರುವಾಗೋದು ಕಬ್ಬು ಫ್ಯಾಕ್ಟರಿ ಮುಟ್ಟಿದ ಮೇಲೆ. ಹೊಲದಲ್ಲಿ ಗ್ಯಾಂಗಿಗೆ ಕಾದ ದಿನಗಳಿಗೆ ಬಡ್ಡಿ ಇಲ್ಲ, ಆದರೆ ಆ ದಿನಗಳಲ್ಲೂ ಸೊಸೈಟಿ ಸಾಲದ ಕಂತಿನ ತಾರೀಖು ಮಾತ್ರ ಹತ್ತಿರ ಬರ್ತಾನೇ ಇರ್ತದೆ.