ನಂಬದವನು ಹೇಳಿದರೇ ನಂಬಿಕೆ

ಪತ್ತೇದಾರಿ ಕತೆಯ ಜನಕನೆಂದು ಹೆಸರಾದ ಎಡ್ಗರ್ ಅಲನ್ ಪೋ 1846ರಲ್ಲಿ ಗೆಳೆಯ ಫಿಲಿಪ್ ಕುಕ್‌ಗೆ ಬರೆದ ಪತ್ರದಲ್ಲಿ ತನ್ನ ಕಸುಬಿನ ಗುಟ್ಟನ್ನು ತಾನೇ ಬಿಟ್ಟುಕೊಟ್ಟ. ಜನ ಅಂದುಕೊಂಡಷ್ಟು ಜಾಣತನ ಈ ಕತೆಗಳಲ್ಲಿಲ್ಲ, ಬಿಡಿಸಲೆಂದೇ ಹೆಣೆದ ಬಲೆಯನ್ನು ಹೆಣೆದವನೇ ಬಿಡಿಸಿದರೆ ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವನ ಮಾತಿನ ತಾತ್ಪರ್ಯ. ಮಾತು ನಿಜ. ಕೊಲೆ ಮಾಡಿದವರು ಯಾರು, ನಿಧಿ ಎಲ್ಲಿದೆ ಎಂಬುದು ಬರೆಯುವವನಿಗೆ ಮೊದಲೇ ಗೊತ್ತು. ಅವನಿಗೆ ಗೊತ್ತಿದೆಯೆಂಬುದು ಓದುಗನಿಗೂ ಗೊತ್ತು. ಆದರೂ ಓದುಗ ಬೆರಗಾಗುತ್ತಾನೆ. ಹಾಗೆ ಬೆರಗಾಗಿಸಲು ಪೋಗೆ ಒಬ್ಬ ಮನುಷ್ಯ ಬೇಕಾಗಿದ್ದ. ಅವನನ್ನು ಪೋ ಒಂದೇ ಸಲಕ್ಕೆ ಕಂಡುಕೊಳ್ಳಲಿಲ್ಲ, ಅದಕ್ಕೆ ಎರಡು ಕತೆಗಳು ಹಿಡಿದವು.

ತೊಡಕು ಇದ್ದದ್ದು ಇಲ್ಲಿ. ಕತೆಯನ್ನು ಪತ್ತೇದಾರನೇ ಹೇಳಿದರೆ ತನ್ನ ತಲೆಯಲ್ಲಿ ಓಡುತ್ತಿರುವುದನ್ನು ಹೇಳಲೇಬೇಕು. ಹೇಳಿದರೆ ಗುಟ್ಟು ಮೊದಲೇ ರಟ್ಟು. ಮುಚ್ಚಿಟ್ಟರೆ ಓದುಗನಿಗೆ ಮೋಸ. ಎಲ್ಲ ಬಲ್ಲ ಲೇಖಕನೇ ಹೇಳಹೊರಟರೂ ಪಾಡು ಅದೇ. ಹಾಗಾದರೆ ಕಣ್ಣಾರೆ ಎಲ್ಲವನ್ನೂ ಕಂಡು, ಅರ್ಥ ಮಾತ್ರ ಮಾಡಿಕೊಳ್ಳಲಾಗದ ಒಬ್ಬ ಪಕ್ಕದಲ್ಲಿರಬೇಕು.

1841ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ 'ಗ್ರಹಾಮ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ಅಚ್ಚಾದಾಗ ಅಂಥವನು ಮೊದಲ ಸಲ ಕಾಣಿಸಿಕೊಂಡ. ಅವನಿಗೆ ಹೆಸರೇ ಇಲ್ಲ. ಪ್ಯಾರಿಸ್ಸಿನ ಬೀದಿಯಲ್ಲಿ ರಾತ್ರಿ ಮಾತಿಲ್ಲದೆ ನಡೆಯುತ್ತಿರುವಾಗ, ಅವನು ಮನಸ್ಸಿನಲ್ಲೇ ನೆನೆದ ನಟನೊಬ್ಬನ ಬಗ್ಗೆ ಪತ್ತೇದಾರ ದ್ಯುಪೆಂ ಥಟ್ಟನೆ ಉತ್ತರ ಕೊಡುತ್ತಾನೆ. ದಾರಿಯಲ್ಲಿ ಹಣ್ಣಿನವನೊಬ್ಬ ಡಿಕ್ಕಿ ಹೊಡೆದದ್ದರಿಂದ ಹಿಡಿದು ಆ ನಟನವರೆಗೆ ಗೆಳೆಯನ ಯೋಚನೆ ಹರಿದ ಜಾಡನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾನೆ. ಗೆಳೆಯ ದಂಗಾಗುತ್ತಾನೆ. ಅವನ ಕೆಲಸ ಹೆಚ್ಚುಕಮ್ಮಿ ಅಷ್ಟೇ. ಅಲ್ಲಿ ಮೆಚ್ಚುಗೆ ಇದೆ, ಅನುಮಾನ ಇನ್ನೂ ಹುಟ್ಟಿಲ್ಲ. ಸದಾ ಮೆಚ್ಚುವವನ ಸಾಕ್ಷಿಗೆ ತೂಕ ಕಡಿಮೆ.

ಅನುಮಾನ ಹುಟ್ಟಿದ್ದು ಎರಡು ವರ್ಷದ ಮೇಲೆ. 1843ರ ಜೂನ್‌ನಲ್ಲಿ ಫಿಲಡೆಲ್ಫಿಯಾದ 'ಡಾಲರ್ ನ್ಯೂಸ್‌ಪೇಪರ್' ನಡೆಸಿದ ಸ್ಪರ್ಧೆಯಲ್ಲಿ ಪೋನ 'ದಿ ಗೋಲ್ಡ್ ಬಗ್' ಕತೆಗೆ 100 ಡಾಲರ್ ಬಹುಮಾನ ಬಂತು. ಕತೆ ನಡೆಯುವುದು ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ಪಕ್ಕದ ಸಲಿವನ್ಸ್ ದ್ವೀಪದಲ್ಲಿ. ಪೋ ಸೈನಿಕನಾಗಿದ್ದಾಗ ಅಲ್ಲಿನ ಕೋಟೆಯಲ್ಲಿ ಇದ್ದವನು. ಆ ದ್ವೀಪದ ಗುಡಿಸಲಲ್ಲಿ ಲೆಗ್ರಾಂಡ್ ಎಂಬಾತ ತಾನು ಕಂಡ ಹೊನ್ನಿನ ಬಣ್ಣದ ಜೀರುಂಡೆಯ ಚಿತ್ರವನ್ನು ಚರ್ಮದ ಹಾಳೆಯ ತುಣುಕೊಂದರ ಮೇಲೆ ಬರೆದು, ಕತೆಯ ನಿರೂಪಕನೂ ಆದ ಗೆಳೆಯನ ಕೈಗಿಡುತ್ತಾನೆ. ಗೆಳೆಯ ಬೆಂಕಿಯ ಹತ್ತಿರ ಕೂತಿದ್ದಾನೆ. ಅಷ್ಟರಲ್ಲಿ ನಾಯಿ ಮೈಮೇಲೆ ಹಾರುತ್ತದೆ, ತುಣುಕು ಹಿಡಿದ ಕೈ ಬೆಂಕಿಯ ಬಳಿಗೆ ಹೋಗುತ್ತದೆ. ಆಮೇಲೆ ನೋಡಿದರೆ ಅವನಿಗೆ ಕಾಣುವುದು ಜೀರುಂಡೆಯಲ್ಲ, ತಲೆಬುರುಡೆ. ಹಾಗೆಂದೇ ಹೇಳುತ್ತಾನೆ. ಲೆಗ್ರಾಂಡ್‌ಗೆ ಮುಖಭಂಗವಾಗುತ್ತದೆ.

ತಿಂಗಳಾದ ಮೇಲೆ ಲೆಗ್ರಾಂಡ್‌ನಿಂದ ಕರೆ ಬರುತ್ತದೆ. ಹೋಗಿ ನೋಡಿದರೆ ಕುಡುಗೋಲು, ಗುದ್ದಲಿ ಸಿದ್ಧ. ಕಾಡಿನ ಮರವೊಂದರ ಏಳನೆಯ ಕೊಂಬೆಗೆ ಮೊಳೆ ಹೊಡೆದು ಬಿಗಿದ ತಲೆಬುರುಡೆಯ ಕಣ್ಣಿನ ತೂತಿನಿಂದ ಆ ಜೀರುಂಡೆಯನ್ನು ದಾರ ಕಟ್ಟಿ ಇಳಿಬಿಟ್ಟು, ಅದರ ಗುರುತು ಹಿಡಿದು ನೆಲ ಅಗೆಯಬೇಕಂತೆ! 'ಇವನಿಗೆ ತಲೆ ಕೆಟ್ಟಿದೆ' ಎಂದು ನಿರೂಪಕ ತೀರ್ಮಾನಿಸುತ್ತಾನೆ. ಹೇಗಾದರೂ ಮನೆಗೆ ಕರೆದೊಯ್ಯಬೇಕು, ಅದಕ್ಕೆ ಹಟ ತೀರಿಸಿ ಭ್ರಮೆ ಬಿಡಿಸುವುದೇ ದಾರಿ ಎಂದು ಗುದ್ದಲಿ ಹಿಡಿಯುತ್ತಾನೆ. ಮೊದಲ ಗುಂಡಿ ಖಾಲಿ. ಅನುಮಾನ ಗೆದ್ದಂತೆ ಕಾಣುತ್ತದೆ. ಆದರೆ ಮರ ಹತ್ತಿದ ಲೆಗ್ರಾಂಡ್‌ನ ಆಳು ಜೂಪಿಟರ್ ಎಡಗಣ್ಣಿನ ಬದಲು ಬಲಗಣ್ಣಿನಿಂದ ಜೀರುಂಡೆ ಇಳಿಬಿಟ್ಟದ್ದು ಗೊತ್ತಾಗಿ ಎರಡನೆಯ ಸಲ ಅಗೆಯತೊಡಗಿದಾಗ, ಏಕೋ ಏನೋ, ನಿರೂಪಕನಿಗೇ ಆಸೆ ಹುಟ್ಟುತ್ತದೆ. ನಿಧಿಯ ಪೆಟ್ಟಿಗೆ ಸಿಗುವ ಮೊದಲೇ ಅವನು ಪಕ್ಷ ಬದಲಿಸಿರುತ್ತಾನೆ. ಪೋನ ಕೈಚಳಕವೆಲ್ಲ ಆ ಘಳಿಗೆಯಲ್ಲಿದೆ, ಏಕೆಂದರೆ ಓದುಗ ಸೋಲುವುದೂ ಆಗಲೇ.

ಕೊನೆಯಲ್ಲಿ ಇನ್ನೊಂದು ತಿರುವು. ಮರದ ಮೇಲಿಂದ ಜೀರುಂಡೆಯನ್ನೇ ಇಳಿಬಿಡುವ ಅಗತ್ಯವಿರಲಿಲ್ಲ. ನನ್ನನ್ನು ಹುಚ್ಚನೆಂದು ಶಂಕಿಸಿದೆಯಲ್ಲ, ಅದಕ್ಕೇ ನಿನ್ನನ್ನು ಸ್ವಲ್ಪ ಆಟ ಆಡಿಸಿದೆ ಎನ್ನುತ್ತಾನೆ ಲೆಗ್ರಾಂಡ್. ಅಂದರೆ ಕತೆಯ ಅರ್ಧ ನಿಗೂಢತೆಯನ್ನು ಹುಟ್ಟಿಸಿದ್ದು ನಿರೂಪಕನ ಅನುಮಾನವೇ.

ಸಾಹಸದ ಕತೆಗಾರರೂ ಇದೇ ಹಾದಿ ಹಿಡಿದರು. ರೈಡರ್ ಹ್ಯಾಗಾರ್ಡ್‌ನ 'ಕಿಂಗ್ ಸಾಲೊಮನ್ಸ್ ಮೈನ್ಸ್' (1885) ಹೇಳುವ ಆ್ಯಲನ್ ಕ್ವಾಟರ್‌ಮೇನ್ ತಾನು ಅಂಜುಬುರುಕನೆಂದು ತಾನೇ ಹೇಳಿಕೊಳ್ಳುವ ಬೇಟೆಗಾರ. ಸಾಲೊಮನ್‌ನ ವಜ್ರದ ಗಣಿಯತ್ತ ಹೋದವರು ಬದುಕಿ ಬರುವುದಿಲ್ಲ ಎಂಬುದು ಅವನ ಲೆಕ್ಕ. ಅದಕ್ಕೇ ಹೊರಡುವ ಮೊದಲೇ 500 ಪೌಂಡ್ ಕೇಳುತ್ತಾನೆ; ತಾನು ಸತ್ತರೆ ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿರುವ ಮಗನಿಗೆ ಐದು ವರ್ಷ, ವರ್ಷಕ್ಕೆ 200 ಪೌಂಡ್ ಕೊಡಬೇಕೆಂದು ಪತ್ರ ಮಾಡಿಸಿಕೊಳ್ಳುತ್ತಾನೆ. ಇಷ್ಟು ಲೆಕ್ಕಾಚಾರದ ಮನುಷ್ಯ ವಜ್ರದ ಗುಹೆ ಕಂಡೆ ಎಂದರೆ ಅಲ್ಲಗಳೆಯುವುದು ಕಷ್ಟ.

ಮರುವರ್ಷ, 1886ರಲ್ಲಿ, ಪೋರ್ಟ್ಸ್‌ಮತ್ತಿನ ಸೌತ್‌ಸೀಯಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಆರ್ಥರ್ ಕಾನನ್ ಡಾಯ್ಲ್ ಹೊಸ ಕತೆಗೆ ಟಿಪ್ಪಣಿ ಹಾಕಿಕೊಳ್ಳುತ್ತಿದ್ದ. ಆ ಹಾಳೆ ಇಂದಿಗೂ ಉಳಿದಿದೆ. ಅದರಲ್ಲಿ ನಾಯಕನ ಹೆಸರು ಶೆರಿನ್‌ಫೋರ್ಡ್ ಹೋಮ್ಸ್, ಜೊತೆಗಾರನ ಹೆಸರು ಆರ್ಮಂಡ್ ಸ್ಯಾಕರ್. ಬರೆಯುವ ಹೊತ್ತಿಗೆ ಸ್ಯಾಕರ್ ಹೋಗಿ ವಾಟ್ಸನ್ ಬಂದ: ಅಫ್ಘಾನ್ ಯುದ್ಧದಲ್ಲಿ ಗುಂಡೇಟು ತಿಂದ ಸೇನಾ ವೈದ್ಯ. 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕೃತಿಯ ಪೂರ್ಣ ಹಕ್ಕಿಗೆ ಡಾಯ್ಲ್‌ಗೆ ಸಿಕ್ಕಿದ್ದು 25 ಪೌಂಡ್. 1887ರಲ್ಲಿ ಅದು 'ಬೀಟನ್ಸ್ ಕ್ರಿಸ್ಮಸ್ ಆ್ಯನ್ಯುಅಲ್' ಸಂಚಿಕೆಯಲ್ಲಿ ಬಂತು.

ಅದರಲ್ಲಿ ಒಂದು ಬೆಳಗಿನ ತಿಂಡಿಯ ಹೊತ್ತು. ಮನುಷ್ಯನ ಬೆರಳು, ಅಂಗಿಯ ತೋಳು, ಪ್ಯಾಂಟಿನ ಮೊಣಕಾಲು ನೋಡಿ ಅವನ ಕಸುಬು ಹೇಳಬಹುದೆಂಬ ಲೇಖನವನ್ನು ಪತ್ರಿಕೆಯಲ್ಲಿ ಓದಿದ ವಾಟ್ಸನ್ ಶುದ್ಧ ಬೊಗಳೆ ಎಂದು ರೇಗುತ್ತಾನೆ. ಮೊಟ್ಟೆ ತಿನ್ನುವ ಚಮಚದಿಂದಲೇ ಅದನ್ನು ತೋರಿಸಿ, ಇದನ್ನು ಬರೆದವನನ್ನು ರೈಲಿನ ಮೂರನೇ ದರ್ಜೆಯ ಡಬ್ಬಿಯಲ್ಲಿ ಕೂರಿಸಿ ಎಲ್ಲರ ಕಸುಬು ಹೇಳಿಸಬೇಕು, ಸಾವಿರಕ್ಕೆ ಒಂದರಂತೆ ಬಾಜಿ ಕಟ್ಟುತ್ತೇನೆ ಎನ್ನುತ್ತಾನೆ. ನೀನು ದುಡ್ಡು ಕಳಕೊಳ್ಳುತ್ತೀಯ, ಬರೆದವನು ನಾನೇ ಎಂದು ಹೋಮ್ಸ್ ತಣ್ಣಗೆ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ನೀಲಿ ಲಕೋಟೆ ಹಿಡಿದು ಬರುವವನನ್ನು ನೋಡಿ, ಅವನು ನೌಕಾಪಡೆಯ ನಿವೃತ್ತ ಸಾರ್ಜೆಂಟ್ ಎಂದೂ ಹೇಳುತ್ತಾನೆ. ಬಂದವನನ್ನು ವಾಟ್ಸನ್ ಕೊಂಚ ಕುಹಕದಿಂದಲೇ ವಿಚಾರಿಸುತ್ತಾನೆ. ಮಾತು ನಿಜವಾಗುತ್ತದೆ. ಬಾಜಿ ಕಟ್ಟಿ ಸೋತವನೇ ಮುಂದೆ ಹೋಮ್ಸ್‌ನ ಕೀರ್ತಿಯನ್ನು ಬರೆಯುತ್ತಾನೆ.

ಈ ನಿರೂಪಕನನ್ನು ತೆಗೆದರೆ ಏನಾಗುತ್ತದೆ ಎಂಬ ಪರೀಕ್ಷೆಯನ್ನೂ ಡಾಯ್ಲ್ ಮಾಡಿ ನೋಡಿದ. 60 ಹೋಮ್ಸ್ ಕತೆಗಳಲ್ಲಿ 56 ವಾಟ್ಸನ್‌ನವು. 1926ರಲ್ಲಿ ಬಂದ ಎರಡನ್ನು ಹೋಮ್ಸ್ ತಾನೇ ಹೇಳುತ್ತಾನೆ. 'ದಿ ಬ್ಲಾಂಚ್ಡ್ ಸೋಲ್ಜರ್'ನಲ್ಲಿ ಅವನು ಸೋಲೊಪ್ಪುತ್ತಾನೆ: ಸರಪಳಿಯ ಕೊಂಡಿಗಳನ್ನು ಮರೆಮಾಡಿ ಕೊನೆಯಲ್ಲಿ ಬೆರಗುಗೊಳಿಸುವುದು ವಾಟ್ಸನ್‌ಗೆ ಸಾಧ್ಯವಿತ್ತು, ತನಗೆ ಆ ಅನುಕೂಲವಿಲ್ಲ. ಪೋಗೆ ಎದುರಾಗಿದ್ದ ತೊಡಕು ಇದೇ. ಅದೇ ವರ್ಷ ಅಗಾಥಾ ಕ್ರಿಸ್ಟಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'ನಲ್ಲಿ ಈ ನಿರೂಪಕನ ಮೇಲೆ ಓದುಗರಿಟ್ಟ ನಂಬಿಕೆಯನ್ನೇ ಪಣಕ್ಕಿಟ್ಟಳು. ಹೇಗೆಂದು ಹೇಳಿದರೆ ಓದದವರಿಗೆ ಅನ್ಯಾಯ.

ಕನ್ನಡದಲ್ಲಿ ಈ ಉಪಾಯವನ್ನು ಎತ್ತರಕ್ಕೇರಿಸಿದ್ದು ಪತ್ತೇದಾರಿ ಕಾದಂಬರಿಯಲ್ಲ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನನ್ನು ಕರ್ವಾಲೊರಂಥ ದೊಡ್ಡ ವಿಜ್ಞಾನಿ ಏಕೆ ಹಚ್ಚಿಕೊಂಡಿದ್ದಾರೆ ಎಂದು ಅದರ 'ನಾನು' ತಲೆ ಕೆಡಿಸಿಕೊಳ್ಳುತ್ತಾನೆ. ಅವನ ಶಂಕೆಯ ಬೆನ್ನು ಹತ್ತಿಯೇ ನಾವು ಹಾರುವ ಓತಿಯವರೆಗೆ ಹೋಗುತ್ತೇವೆ.

ಪತ್ತೇದಾರಿ ಕತೆ ಬರೆಯಹೊರಟವರು ಚತುರ ನಾಯಕನನ್ನು ಹುಡುಕುತ್ತ ಕೂರಬೇಕಿಲ್ಲ, ಅವನು ಸುಲಭವಾಗಿ ಸಿಗುತ್ತಾನೆ. ಅವನ ಮಾತನ್ನು ಒಪ್ಪದೆ ವಾದ ಮಾಡುವ, ಆದರೆ ಕಂಡದ್ದನ್ನು ಸುಳ್ಳೆನ್ನದ ಜೊತೆಗಾರನನ್ನು ಮೊದಲು ಹುಡುಕಿ.