ನಿಮಗಿದು ಗೊತ್ತೆ? ಚಿಪ್ಪಿಗೂ ಉಂಟು ಆಸ್ಪತ್ರೆಯ ನಂಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯೊಳಗೆ ಗಿಟುಕು ಲೊಡಲೊಡ ಅಂದ ಮೇಲೆಯೇ ಸುಲಿದು ಒಡೆಯುವುದು. ಉಂಡೆ ಕೊಬ್ಬರಿ ಮಾರುಕಟ್ಟೆಗೆ, ಚಿಪ್ಪು ಬಚ್ಚಲ ಒಲೆಗೆ!

ಇದೇ ಚಿಪ್ಪಿನ ಇದ್ದಿಲಿಗೆ ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ ಆಕ್ಟಿವೇಟೆಡ್ ಕಾರ್ಬನ್ ಸಿಗುತ್ತದೆ. ಅದರ ಒಂದೇ ಗ್ರಾಮಿನ ಸೂಕ್ಷ್ಮ ರಂಧ್ರಗಳ ಒಳಮೈ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ತೋಟದಷ್ಟು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ಬಳಸಿದ್ದ ಈ ಕರಿಪುಡಿ ಈಗ ಡಯಾಲಿಸಿಸ್ ನೀರಿನ ಕ್ಲೋರಿನ್ ತೆಗೆಯುತ್ತದೆ. ವಿಷ ಹೀರುವ ಔಷಧವಾಗಿ ಆಕ್ಟಿವೇಟೆಡ್ ಚಾರ್ಕೋಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ಆದರೆ ಹಣ ಹೂಡುವವರ ಕಣ್ಣೆಲ್ಲ ಕೊಬ್ಬರಿ ಎಣ್ಣೆಯ ‘ಸೂಪರ್ ಫುಡ್’ ಅಲೆಯ ಮೇಲೆ. ಆ ಎಣ್ಣೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲೇ ಎಚ್ಚರಿಸಿತ್ತು. ನಮ್ಮನ್ನು ಕೇಳಿದರೆ, ಚಿಪ್ಪೇ ಗಟ್ಟಿ.